ಸೊಂಟದ ಕೀಲಿನ ಕೇಂದ್ರವನ್ನು ಕಂಡುಹಿಡಿಯುವ ಬಗೆ

ಹೊಸಪೇಟೆ, ಕಂಪ್ಲಿಗಳ ಕಬ್ಬಿನ ಸೀಮೆಯಲ್ಲಿ ಎತ್ತುಗಳು ಗಾಣವನ್ನು ಸುತ್ತುತ್ತಿದ್ದ ಕಾಲವನ್ನು ನೆನೆದುಕೊಳ್ಳೋಣ. ಆಲೆಮನೆಯ ಕೆಲಸ ಮುಗಿದು ಗಾಣವನ್ನು ಕಿತ್ತೊಯ್ದ ಮೇಲೆ ನೆಲದಲ್ಲಿ ಉಳಿಯುವುದು ಎತ್ತಿನ ಹೆಜ್ಜೆಯ ಬಳೆ ಮಾತ್ರ. ಗಾಣವು ಎಲ್ಲಿ ನಿಂತಿತ್ತೆಂದು ಹೇಳಬಹುದೇ? ಧಾರಾಳವಾಗಿ ಹೇಳಬಹುದು. ಬಳೆಯ ಮೂರು ಹೆಜ್ಜೆಗಳಿಗೆ ಸಮದೂರದಲ್ಲಿರುವ ಬಿಂದು ಆ ನೆಲದ ಮೇಲೆ ಒಂದೇ ಒಂದು. ಅದೇ ಗಾಣದ ಸ್ಥಾನ.

ನಮ್ಮ ಸೊಂಟದ ಕೀಲಿನ ಸಂಗತಿಯೂ ಇಂಥದೇ. ತೊಡೆಯೆಲುಬಿನ ಮೇಲ್ತುದಿಯ ಗುಂಡು ಸೊಂಟದೆಲುಬಿನ ಬಟ್ಟಲಿನಲ್ಲಿ ಕುಳಿತು ತಿರುಗುತ್ತದೆ. ಮೊಣಕಾಲಿನ ಎಲುಬು ಕೈಗೆ ಸಿಕ್ಕುವುದು. ಈ ಗುಂಡಾದರೋ ಮಾಂಸಖಂಡಗಳ ಆಳದಲ್ಲಿ ಅಡಗಿದೆ. ಆದರೆ ಕಾಲನ್ನು ಹಿಂದೆಮುಂದೆಯೂ ಪಕ್ಕಕ್ಕೂ ಆಡಿಸಿದಾಗ ತೊಡೆಯ ಪ್ರತಿಯೊಂದು ಬಿಂದುವೂ ಒಂದೊಂದು ಗೋಲದ ಮೈಮೇಲೆ ಸಂಚರಿಸುತ್ತದೆ. ಆ ಗೋಲಗಳಿಗೆಲ್ಲ ಕೇಂದ್ರವೊಂದೇ. ಬೆಳಕನ್ನು ಪ್ರತಿಫಲಿಸುವ ಸಣ್ಣ ಮಣಿಗಳನ್ನು ತೊಡೆಗೂ, ಸೊಂಟದ ಅಲುಗಾಟವನ್ನು ಲೆಕ್ಕದಿಂದ ಕಳೆಯಲು ಸೊಂಟಕ್ಕೂ ಅಂಟಿಸಿ, ಹಲವು ಕ್ಯಾಮೆರಾಗಳಿಂದ ಅವುಗಳ ಚಲನೆಯನ್ನು ಹಿಡಿದು, ಗಣಕಯಂತ್ರದಿಂದ ಈ ಕೇಂದ್ರವನ್ನು ಗುಣಿಸುತ್ತಾರೆ. ಇಟಲಿಯ ಔರೇಲಿಯೊ ಕಪೋತ್ಸೊ ಅವರು 1984ರಲ್ಲಿ ಈ ಕ್ರಮವನ್ನು ಸೂಚಿಸಿದರು.

ಇದರಿಂದ ಪ್ರಯೋಜನವೇನು? ಹಂಪೆಯ ಮತಂಗ ಪರ್ವತದ ಮೆಟ್ಟಿಲುಗಳನ್ನು ಏರುವವನ ಸೊಂಟದ ಸ್ನಾಯುಗಳು ಎಷ್ಟು ದುಡಿಯುತ್ತವೆಂದು ತಿಳಿಯಬೇಕಾದರೆ, ನೆಲವು ಪಾದವನ್ನು ಎತ್ತಿಹಿಡಿಯುವ ಬಲದ ರೇಖೆ ಕೀಲಿನ ಕೇಂದ್ರದಿಂದ ಎಷ್ಟು ದೂರ ಹಾಯುವುದೆಂದು ಗೊತ್ತಿರಬೇಕು. ಕೇಂದ್ರವು ಒಂದೆರಡು ಸೆಂಟಿಮೀಟರು ತಪ್ಪಿದರೂ ಲೆಕ್ಕ ಕೆಡುವುದು. ಗಣಕದ ನೆರವಿನಿಂದ ಮೊಣಕಾಲಿನ ಕೀಲನ್ನು ಬದಲಿಸುವ ಶಸ್ತ್ರವೈದ್ಯರು ಸಹ ರೋಗಿಯ ಕಾಲನ್ನು ಸುತ್ತ ಆಡಿಸಿ ಈ ಕೇಂದ್ರವನ್ನು ಕಂಡುಕೊಳ್ಳುತ್ತಾರೆ. ಅಲ್ಲಿಂದ ಪಾದದ ಕೀಲಿನವರೆಗೆ ಎಳೆದ ರೇಖೆಯೇ ಹೊಸ ಕೀಲನ್ನು ಕೂರಿಸುವುದಕ್ಕೆ ಆಧಾರ.

ಎರಡು ತೊಡಕುಗಳುಂಟು. ಶಸ್ತ್ರಚಿಕಿತ್ಸೆಯಲ್ಲಿ ಗುರುತನ್ನು ಎಲುಬಿಗೇ ಬಿಗಿಯುತ್ತಾರೆ. ಹೊರಗೆ ಅಂಟಿಸಿದ ಮಣಿಯಾದರೋ ಚರ್ಮದೊಡನೆ ಜಾರುತ್ತದೆ. ಎರಡನೆಯದು ಇನ್ನೂ ದೊಡ್ಡದು. ಎತ್ತು ನಾಲ್ಕೇ ಹೆಜ್ಜೆ ನಡೆದಿದ್ದರೆ ಆ ಜಾಡು ಬಹುಮಟ್ಟಿಗೆ ನೇರವಾಗಿಯೇ ಕಂಡು, ಗಾಣವು ಹತ್ತಿರವಿತ್ತೋ ದೂರವಿತ್ತೋ ಎಂಬ ಸಂದೇಹ ಉಳಿಯುವುದು. ಸಂಡೂರಿನ ಗುಡ್ಡದ ದಾರಿಯಲ್ಲಿ ಕುಂಟುತ್ತ ಇಳಿಯುವ ಮುದುಕನ ಬಿಗಿದ ಕೀಲೂ ಹಾಗೆಯೇ ಅಲ್ಪವಾಗಿ ಆಡುತ್ತದೆ. ಈ ಪರೀಕ್ಷೆ ಯಾರಿಗೆ ಹೆಚ್ಚು ಅವಶ್ಯವೋ ಅವರಲ್ಲಿಯೇ ಅದರ ಫಲ ನಂಬಿಕೆಗೆ ಕಡಿಮೆ. ಸೊಂಟದೆಲುಬಿನ ಅಗಲದಿಂದ ಕೇಂದ್ರವನ್ನು ಊಹಿಸುವ ಸೂತ್ರಗಳೇನೋ ಇವೆ. ಆರೋಗ್ಯವಂತರ ಅಳತೆಯಿಂದ ಹುಟ್ಟಿದ ಅವು ರೂಪಗೆಟ್ಟ ಎಲುಬಿಗೆ ಹೊಂದಲಾರವು. ಅಂಥವರ ವಿಷಯದಲ್ಲಿ ಎಲುಬಿನ ಚಿತ್ರವನ್ನು ತೆಗೆಸಿ ನೋಡಿ ನಿರ್ಣಯಿಸುವುದೇ ಲೇಸೆಂದು ನಾವು ತಿಳಿಯಬೇಕು.