ಖಿನ್ನತೆಗೆ ಬೇಕಾದ 320 ನಿಮಿಷ

ಖಿನ್ನತೆಯಿಂದ ಬಳಲುವ ಒಬ್ಬರಿಗೆ ಆಪ್ತ ಸಮಾಲೋಚನೆ ಕೊಡಲು ಎಷ್ಟು ಹೊತ್ತು ಬೇಕು? ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆಯ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿದೆ. ತಲಾ 30–40 ನಿಮಿಷದ 6ರಿಂದ 8 ಭೇಟಿ, ಹೆಚ್ಚೆಂದರೆ 320 ನಿಮಿಷ. ಎದುರು ಕೂತು ಮಾತಾಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ರೋಗಿ ಕೈಬಿಟ್ಟಿದ್ದ ಸಂಜೆಯ ನಡಿಗೆಯನ್ನೋ ನೆಂಟರ ಒಡನಾಟವನ್ನೋ ಮತ್ತೆ ಶುರುಮಾಡಿಸುವುದು, ಮುಂದಿನ ಭೇಟಿಯಲ್ಲಿ ಅದೇನಾಯಿತೆಂದು ಕೇಳುವುದು, ಇಷ್ಟೇ ಅವರ ಕೆಲಸ.

18ರಿಂದ 65 ವರ್ಷದ 495 ಮಂದಿ ಅದರಲ್ಲಿದ್ದರು, ಎಲ್ಲರದೂ ತೀವ್ರ ಸ್ವರೂಪದ ಖಿನ್ನತೆ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ಸಮಾಲೋಚನೆ ಪಡೆದವರಲ್ಲಿ ಶೇ 64ರಷ್ಟು ಜನ ಚೇತರಿಸಿಕೊಂಡರು. ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ 39.

60 ದಾಟಿದವರಿಗೆ ಬೇರೆಯದೇ ಮಾತು ಬೇಕಾಯಿತು. ಗೋವಾದ್ದೇ ಇನ್ನೊಂದು ಪ್ರಯೋಗದಲ್ಲಿ, ಖಿನ್ನತೆಯ ಅಂಚಿನಲ್ಲಿದ್ದ 181 ಹಿರಿಯರ ಪೈಕಿ ಅರ್ಧದಷ್ಟು ಮಂದಿಯೊಂದಿಗೆ ಸಮಾಲೋಚಕರು ನಿದ್ದೆ, ಸಕ್ಕರೆ ಕಾಯಿಲೆ, ಸರ್ಕಾರಿ ಸವಲತ್ತು ಪಡೆಯುವ ದಾರಿ ಎಲ್ಲವನ್ನೂ ಮಾತಾಡಿದರು. ವರ್ಷದೊಳಗೆ ಪೂರ್ಣ ಖಿನ್ನತೆಗೆ ಜಾರಿದವರು ಶೇ 4.4. ಉಳಿದವರಲ್ಲಿ ಶೇ 14.4. ನನ್ನ ಮಟ್ಟಿಗೆ ಇದು ಇನ್ನೂ ದೊಡ್ಡ ಗೆಲುವು. ವಯಸ್ಸಾದವರ ಮಂಕನ್ನು ನಾವು ವಯೋಸಹಜವೆಂದು ಬಿಟ್ಟುಬಿಡುತ್ತೇವೆ.

ಇಡೀ ದೇಶದಲ್ಲಿ? ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ 2.7 ಮಂದಿಗೆ ಖಿನ್ನತೆಯಿದೆ. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಿರುವ 100ರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಸಿಕ್ಕವರ ಮನೆಗೂ ಔಷಧೋಪಚಾರ, ಓಡಾಟ ಸೇರಿ ಆಗ ತಿಂಗಳಿಗೆ 1,000–1,500 ರೂಪಾಯಿ ಖರ್ಚಾಗುತ್ತಿತ್ತು. ದಿನಗೂಲಿಯ ಕುಟುಂಬ ಮೊದಲು ಕೈಬಿಡುವುದು ಇದನ್ನೇ.

ಎರಡು ಲಕ್ಷ ವಯಸ್ಕರಿರುವ ತಾಲ್ಲೂಕನ್ನು ಲೆಕ್ಕಕ್ಕೆ ಹಿಡಿಯಿರಿ: 5,400 ಮಂದಿ. ಸಮಾಲೋಚಕರೊಬ್ಬರು ದಿನಕ್ಕೆ ನಾಲ್ಕರಂತೆ 250 ದಿನ ಕೂತರೆ 1,000 ಭೇಟಿ, ತಲಾ ಎಂಟರಂತೆ 125 ಜನ. ಎಲ್ಲರನ್ನೂ ಒಂದೇ ವರ್ಷದಲ್ಲಿ ಮುಟ್ಟಲು 44 ಸಮಾಲೋಚಕರು ಸಾಕು. ಲಕ್ಷಕ್ಕೆ 0.75 ಮನೋವೈದ್ಯರಿರುವ ದೇಶಕ್ಕೆ ಕೈಗೆಟುಕುವ ಸಂಖ್ಯೆಯಿದು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ರಾಜ್ಯದಲ್ಲಿ 2014ರಿಂದಲೇ ಇದೆ. ಉಳಿದ ದಿನಗಳಿಗೆ ಈ 44 ಮಂದಿಯನ್ನು ಸರ್ಕಾರ ಕೊಡಲಿ.

ಅಲ್ಲಿಯವರೆಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಶುಲ್ಕವಿಲ್ಲ.