ಠಾಣೆಯೇ ತರಗತಿ: ಇಂಗ್ಲೆಂಡಿನ ಅಪ್ರೆಂಟಿಸ್ ಪೊಲೀಸರು

ರಸ್ತೆಯಲ್ಲಿ ಒಬ್ಬನನ್ನು ತಡೆದು ಜೇಬು ತಡಕುವ ಮುನ್ನ ಇಂಗ್ಲೆಂಡಿನ ಕಾನ್‌ಸ್ಟೆಬಲ್ ಅವನಿಗೆ ಹೇಳಬೇಕಾದ್ದು ಬಹಳ ಇದೆ. ಅನುಮಾನಕ್ಕೆ ಕಾರಣವೇನು, ಹುಡುಕುತ್ತಿರುವುದು ಏನನ್ನು, ತಾನು ಯಾರು, ಯಾವ ಠಾಣೆಯವನು, ಯಾವ ಕಾನೂನಿನಡಿ ಈ ತಪಾಸಣೆ, ಅದರ ದಾಖಲೆಯ ಪ್ರತಿ ಪಡೆಯಲು ಅವನಿಗಿರುವ ಹಕ್ಕು, ಸದ್ಯಕ್ಕೆ ಅವನು ಅಲ್ಲಿಂದ ಹೋಗುವಂತಿಲ್ಲ ಎಂಬುದು. ಮಫ್ತಿಯಲ್ಲಿದ್ದರೆ ಗುರುತಿನ ಚೀಟಿಯನ್ನೂ ತೋರಿಸಬೇಕು. 'ಗೋ ವೈಸ್ಲಿ' ಎಂಬ ನೆನಪಿನ ಸೂತ್ರದಲ್ಲಿ ಇವನ್ನೆಲ್ಲ ಪೋಣಿಸಿಟ್ಟಿದ್ದಾರೆ. ಬಾಯಿಪಾಠ ಮಾಡುವುದು ಕಷ್ಟವಲ್ಲ. ರಾತ್ರಿ ಹನ್ನೊಂದರ ಮಳೆಯಲ್ಲಿ, ಸುತ್ತಲಿನವರು ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿರುವಾಗ, ದನಿ ಏರಿಸದೆ ಅಷ್ಟನ್ನೂ ಹೇಳಿ ಮುಗಿಸುವುದು ಬೇರೆಯೇ ವಿದ್ಯೆ. ಅದು ಬರುವುದು ಪಕ್ಕದಲ್ಲಿ ನಿಂತ ಹಳಬರನ್ನು ನೋಡಿ.

ಈ ಕಲಿಕೆಗೆ ಇಂಗ್ಲೆಂಡ್ 2018ರಲ್ಲಿ ಹೊಸ ರೂಪ ಕೊಟ್ಟಿತು. ಹದಿನೆಂಟು ತುಂಬಿದವರು ಅಪ್ರೆಂಟಿಸ್ ಆಗಿ ಪೊಲೀಸ್ ಪಡೆ ಸೇರಬಹುದು. ಮೂರು ವರ್ಷ ದುಡಿಯುತ್ತಲೇ ವಿಶ್ವವಿದ್ಯಾಲಯದ ಪಾಠ ಕೇಳಿ, ಕೊನೆಗೆ ಪದವಿಯೊಂದಿಗೆ ಖಾಯಂ ಕಾನ್‌ಸ್ಟೆಬಲ್ ಆಗಬಹುದು. ಅಪ್ರೆಂಟಿಸ್ ಅಂದರೆ ಚಹಾ ತರುವ ಹುಡುಗನಲ್ಲ. ಶುರುವಿನಲ್ಲೇ ಪ್ರಮಾಣವಚನ, ಅದರೊಂದಿಗೆ ಬಂಧಿಸುವ ಪೂರ್ಣ ಅಧಿಕಾರ. ತಿಂಗಳ ಸಂಬಳವೂ ಉಂಟು. ಅದೇ ವಯಸ್ಸಿನ ಬೇರೆ ವಿದ್ಯಾರ್ಥಿಗಳು ಆಗ ವರ್ಷಕ್ಕೆ 9,250 ಪೌಂಡ್‌ವರೆಗೆ ಶುಲ್ಕ ಕಟ್ಟಲು ಸಾಲ ಮಾಡುತ್ತಿದ್ದರು. ಇವರಿಗೆ ಆ ಹೊರೆಯಿಲ್ಲ. ಕಾಲೇಜು ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುವ ದುಡಿಯುವ ವರ್ಗದ ಮನೆಗಳಿಗೆ ಇದು ದೊಡ್ಡ ಸಂಗತಿ, ಮತ್ತು ಈ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದೂ ಅದೇ.

ಹಣದ ಮೂಲ ಬೇರೆ. 2017ರ ಏಪ್ರಿಲ್‌ನಿಂದ ಅಲ್ಲಿ ವರ್ಷಕ್ಕೆ 30 ಲಕ್ಷ ಪೌಂಡ್ ಮೀರಿ ಸಂಬಳ ಕೊಡುವ ಪ್ರತಿ ಸಂಸ್ಥೆಯೂ ಶೇ 0.5ರ ಅಪ್ರೆಂಟಿಸ್ ಲೆವಿ ಕಟ್ಟಬೇಕು. ಪೊಲೀಸ್ ಪಡೆಗಳೂ ಕಟ್ಟಬೇಕು. ಕಟ್ಟಿದ್ದನ್ನು ತರಬೇತಿಯ ಮೂಲಕವೇ ಹಿಂದಕ್ಕೆ ಪಡೆಯಲು ಇದೊಂದು ದಾರಿಯಾಯಿತು.

ವಿರೋಧ ಒಳಗಿನಿಂದಲೇ ಬಂತು. ಹೊಸಬರು ತರಗತಿಯಲ್ಲಿ ಕೂತರೆ ಬೀಟ್‌ಗೆ ಹೋಗುವವರು ಯಾರು ಎಂದು ಲಿಂಕನ್‌ಷೈರ್ ಪೊಲೀಸರು ಹೈಕೋರ್ಟಿಗೇ ಹೋದರು. 2019ರಲ್ಲಿ ಅರ್ಜಿ ವಜಾ ಆಯಿತು. 2022ರ ನವೆಂಬರ್‌ನಲ್ಲಿ ಗೃಹ ಸಚಿವೆ ಸುಯೆಲ್ಲಾ ಬ್ರೇವರ್‌ಮನ್ ಪದವಿಯಿಲ್ಲದ ದಾರಿಯೂ ಬೇಕೆಂದರು. ಜಗಳವೆಲ್ಲ ಪದವಿ ಬೇಕೋ ಬೇಡವೋ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ನನ್ನ ಪ್ರಕಾರ ಅಸಲು ಪ್ರಶ್ನೆ ಅದಲ್ಲ. ಕಲಿಸುವವರು ಯಾರು ಎಂಬುದು.

ಆರಂಭದ ತರಗತಿಗಳು ಮುಗಿದ ಮೇಲೆ ಪ್ರತಿ ಹೊಸಬರನ್ನೂ 'ಟ್ಯೂಟರ್ ಕಾನ್‌ಸ್ಟೆಬಲ್' ಒಬ್ಬರ ಕೈಗೆ ಒಪ್ಪಿಸುತ್ತಾರೆ. ಗಂಡ ಹೆಂಡತಿ ಜಗಳವೆಂದು ಕರೆ ಬಂದಿದೆ ಅನ್ನಿ. ಅಲ್ಲಿನ ಕಾನೂನು 2015ರಿಂದ ಕೈಮಾಡುವುದನ್ನಷ್ಟೇ ಅಲ್ಲ, ಸಂಗಾತಿಯ ಹಣ, ಫೋನು, ಓಡಾಟವನ್ನೆಲ್ಲ ನಿಯಂತ್ರಿಸಿ ಉಸಿರು ಕಟ್ಟಿಸುವುದನ್ನೂ ಅಪರಾಧವೆನ್ನುತ್ತದೆ. ಕಲಂ ಪುಸ್ತಕದಲ್ಲಿದೆ. ಆದರೆ ಚಾಕುಗಳಿರುವ ಅಡುಗೆಮನೆಯಿಂದ ಮಾತನ್ನು ಮೊದಲು ಹೊರಗೆ ತರಬೇಕು, ಇಬ್ಬರನ್ನೂ ಬೇರೆ ಬೇರೆ ಕೂರಿಸಬೇಕು, ಪ್ರತಿ ಪ್ರಶ್ನೆಗೂ ಆಕೆ ಬಾಗಿಲ ಕಡೆ ಕಣ್ಣು ಹಾಯಿಸಿ ಉತ್ತರಿಸುತ್ತಿದ್ದಾಳೆಂಬುದನ್ನು ಗಮನಿಸಬೇಕು. ಇಂಥದ್ದನ್ನು ಹತ್ತಿರ ನಿಂತು ತೋರಿಸಿಕೊಡುವುದು ಟ್ಯೂಟರ್.

ಆ ಟ್ಯೂಟರ್‌ಗಳೇ ಕಡಿಮೆಯಾದರು. 2010ರ ನಂತರದ ಮಿತವ್ಯಯದಲ್ಲಿ ಸುಮಾರು 20,000 ಹುದ್ದೆ ಕರಗಿದವು. ಅಷ್ಟೇ ಸಂಖ್ಯೆಯನ್ನು ಮತ್ತೆ ತುಂಬುವುದಾಗಿ ಪ್ರಧಾನಿ ಬೋರಿಸ್ ಜಾನ್ಸನ್ 2019ರಲ್ಲಿ ಘೋಷಿಸಿದರು. 2023ರ ಮಾರ್ಚ್‌ಗೆ ತುಂಬಿದ್ದೂ ಆಯಿತು. ತಲೆಲೆಕ್ಕ ಸರಿಹೋಯಿತು, ಹೋದವರ ಅನುಭವ ಹೋಗಿಯೇ ಹೋಯಿತು. ಆ ಹೊತ್ತಿಗೆ ಪಡೆಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿಗೆ ಐದು ವರ್ಷದ ಸೇವೆಯೂ ಆಗಿರಲಿಲ್ಲ. ಈಗಷ್ಟೇ ಕಲಿತವರು ಇನ್ನೂ ಕಲಿಯದವರಿಗೆ ಕಲಿಸುವ ಸ್ಥಿತಿ ಎಷ್ಟೋ ಠಾಣೆಗಳಲ್ಲಿ ಬಂತು. ಜನರ ಸ್ವಾತಂತ್ರ್ಯವನ್ನು ಕೈಯಲ್ಲಿ ಹಿಡಿದ ವೃತ್ತಿಯಲ್ಲಿ ಇದು ಸಣ್ಣ ಕೊರತೆಯಲ್ಲ.

ನಮ್ಮ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಹೇಳಬೇಕು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಕಟ್ಟಿದ ಪಡೆಯ ಪರಂಪರೆಯಲ್ಲಿ, ಕೆಲವು ಅಪವಾದ ಬಿಟ್ಟರೆ, ಮುಂದೆ ಮುಖ್ಯಸ್ಥರಾಗುವವರೂ ಕಾನ್‌ಸ್ಟೆಬಲ್ ಆಗಿಯೇ ಬೀದಿಯಿಂದ ಶುರುಮಾಡಬೇಕು. ಅದೇ ಬ್ರಿಟಿಷರು ಇಲ್ಲಿಗೆ ತಂದದ್ದು ಐರ್ಲೆಂಡಿನ ಸಶಸ್ತ್ರ ಪಡೆಯ ಮಾದರಿ. 1861ರ ಪೊಲೀಸ್ ಕಾಯಿದೆಯ ಬೆನ್ನಹಿಂದೆ ಇದ್ದದ್ದು ಅದು. ಹಾಗಾಗಿ ಕರ್ನಾಟಕದಲ್ಲಿ ಕಾನ್‌ಸ್ಟೆಬಲ್, ಪಿಎಸ್‌ಐ, ಐಪಿಎಸ್ ಎಂದು ಬೇರೆ ಬೇರೆ ಬಾಗಿಲು. ಇಂಗ್ಲೆಂಡಿನಲ್ಲಾದರೆ ಕಾನ್‌ಸ್ಟೆಬಲ್ ತರಬೇತಿ ಹದಗೆಟ್ಟರೆ ನಾಳೆಯ ಮುಖ್ಯಸ್ಥರ ತರಬೇತಿಯೂ ಹದಗೆಟ್ಟಂತೆ.

2024ರ ಏಪ್ರಿಲ್‌ನಿಂದ ಪದವಿಯಿಲ್ಲದ ಎರಡು ವರ್ಷದ ಪ್ರವೇಶ ಮಾರ್ಗವೂ ತೆರೆದಿದೆ. ಅದು ಅಪ್ರೆಂಟಿಸ್‌ಶಿಪ್ ಅಲ್ಲದ ಕಾರಣ ಲೆವಿ ಹಣ ಅದಕ್ಕೆ ಸಿಗದು. ಯಾವ ದಾರಿ ಹಿಡಿಯಬೇಕೆಂದು ಪಡೆಗಳು ಈಗ ಖರ್ಚನ್ನೂ ಲೆಕ್ಕ ಹಾಕಬೇಕು. ಯಾವ ದಾರಿಯಿಂದ ಬಂದರೂ ಹೊಸಬರು ಮೊದಲ ಪಾಳಿಗೆ ಹೊರಡುವುದು ಟ್ಯೂಟರ್ ಜೊತೆಗೇ. ಅನುಭವಿಗಳನ್ನು ಆ ಕೆಲಸದಲ್ಲಿ ಉಳಿಸಿಕೊಳ್ಳಲು ಬೇಕಾದ ಸಮಯ, ಭತ್ಯೆ, ಗೌರವದ ಬಗ್ಗೆ ಪದವಿಯ ಜಗಳದಷ್ಟು ಗಟ್ಟಿ ದನಿ ಇನ್ನೂ ಕೇಳಿಬಂದಿಲ್ಲ.