ಜೊತೆಗಾರರನ್ನು ಕೂಡಿಸುವ ಕಂಬಿ

ದೂರದ ದಾರಿಗೆ ಜೊತೆ ಯಾರು? ಮೋಟಾರ್ ಸೈಕಲ್ ಏರಿ ದೇಶ ದೇಶ ಸುತ್ತಬಯಸುವ ಇಂದಿನ ಯುವಕರನ್ನು ಕಾಡುವ ಈ ಪ್ರಶ್ನೆಗೆ ನಿಡಗುಂದಿ ಸೀಮೆಯಲ್ಲಿ ಹಳೆಯದೊಂದು ಉತ್ತರವಿದೆ.

ಯುಗಾದಿ ಸಮೀಪಿಸಿದಂತೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸಾವಿರಾರು ಭಕ್ತರು ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದೇ ಹೊರಡುತ್ತಾರೆ. ಕೆಲವರಂತೂ ಮರಗಾಲು ಕಟ್ಟಿಕೊಂಡೇ ನಡೆಯುವುದುಂಟು. ಇವರನ್ನು ಕೂಡಿಸುವುದು ಹೆಗಲ ಮೇಲೆ ಹೊತ್ತೊಯ್ಯುವ ಮಲ್ಲಯ್ಯನ ಕಂಬಿ. ಊರಿನಿಂದ ಕಂಬಿ ಹೊರಟಿತೆಂದರೆ ಹಿಂದೆ ನಡೆಯುವವರೆಲ್ಲ ಒಂದೇ ತಂಡ. ಅದು ಇಳಿದಲ್ಲಿ ಎಲ್ಲರ ವಸ್ತಿ. ಯಾರು ಎಲ್ಲಿ ನಿಲ್ಲಬೇಕೆಂಬ ಜಗಳಕ್ಕೆ ಆಸ್ಪದವೇ ಇಲ್ಲ.

ಬಯಲುಸೀಮೆಯಲ್ಲಿ ಒಂಟಿಯಾಗಿಯೂ ನಡೆಯಬಹುದು. ಊರೂರಲ್ಲಿ ದಾಸೋಹವಿರುತ್ತದೆ, ಬೊಬ್ಬೆಯೆದ್ದ ಕಾಲಿಗೆ ಔಷಧ ಹಚ್ಚುವವರಿರುತ್ತಾರೆ. ರಾಯಚೂರು ದಾಟಿದರೆ ಮಾತು ತೆಲುಗಿಗೆ ತಿರುಗುತ್ತದೆ. ಆತ್ಮಕೂರಿನ ಆಚೆ ಹುಲಿಗಳಿರುವ ನಲ್ಲಮಲ ಅರಣ್ಯ. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳಗಳ ಕಲ್ಲುದಾರಿಯಲ್ಲಿ ಬಿಸಿಲಿಗೆ ಕುಸಿದವನಿಗೆ ನೀರು ಕೊಡಲು, ಹಿಂದುಳಿದವನನ್ನು ಕಾಯಲು ತಂಡವೇ ಬೇಕು.

ಹೊರಡುವಾಗ ಇವರೆಲ್ಲ ಸ್ನೇಹಿತರಾಗಿರಬೇಕೆಂದೇನೂ ಇಲ್ಲ. ಒಂದೇ ಗುರಿ, ಒಂದೇ ನಡಿಗೆ, ಎಲ್ಲರೂ ಒಪ್ಪಿದ ಒಂದು ನಿಯಮ. ಇಷ್ಟಿದ್ದರೆ ಸ್ನೇಹ ದಾರಿಯಲ್ಲಿಯೇ ಬೆಳೆಯುತ್ತದೆ. ಕಾಲ್ನಡಿಗೆಗೆ ಸಲ್ಲುವ ಈ ಮಾತು ಗಾಲಿಗಳ ಪಯಣಕ್ಕೂ ಸಲ್ಲುತ್ತದೆ.